ಡಬ್ಬಿ ಅಕ್ಕ ಮತ್ತು ನಾಲ್ಕನೇ ರೀಲು

ಡಬ್ಬಿಯ ಮುಚ್ಚಳ ತುಕ್ಕು ಹಿಡಿದು ಅಂಟಿಕೊಂಡಿದೆ. ಆಕೆ ಅದನ್ನು ಮಡಿಲಲ್ಲಿ ಇಟ್ಟುಕೊಂಡು, ರಬ್ಬರ್ ಸುತ್ತಿಗೆಯಿಂದ ಅಂಚಿನ ಸುತ್ತ ಮೆತ್ತಗೆ ತಟ್ಟುತ್ತಾರೆ. ಸಡಿಲವಾದ ಸದ್ದು ಕೇಳಿದ ಕೂಡಲೇ ಮುಖ ಪಕ್ಕಕ್ಕೆ ತಿರುಗಿಸಿ, ಉಸಿರು ಬಿಗಿಹಿಡಿದು ತೆರೆಯುತ್ತಾರೆ. ಹತ್ತು ಎಣಿಸುವವರೆಗೆ ಅದರ ಕಡೆ ನೋಡುವುದೇ ಇಲ್ಲ. ಆಮೇಲೆ ಮೂಗನ್ನು ಹತ್ತಿರ ತಂದು ಒಂದೇ ಒಂದು ಸಣ್ಣ ಉಸಿರು ಎಳೆದು "ಮೂರು" ಎನ್ನುತ್ತಾರೆ. ಪಕ್ಕದ ಕಾರ್ಡಿನಲ್ಲಿ ಹಾಗೆಂದೇ ಬರೆಯುತ್ತಾರೆ. ಬೆಳಗಿನ ಐದೂಮುಕ್ಕಾಲು. ಕಿಟಕಿಯಾಚೆ ಬೀದಿದೀಪ ಇನ್ನೂ ಆರಿಲ್ಲ.

ಮೂರು ಎಂದರೆ ಹುಳಿಯ ಮಟ್ಟ. ಹಳೆಯ ಸಿನಿಮಾ ಸುರುಳಿ ಕೆಡಲು ಶುರುವಾದರೆ ವಿನೆಗರ್ ವಾಸನೆ ಹೊಡೆಯುತ್ತದೆ. ಸೊನ್ನೆ ಎಂದರೆ ಆರೋಗ್ಯ, ಐದು ಎಂದರೆ ಆಸೆ ಬಿಡಬೇಕು. ಇದನ್ನು ಅಳೆಯಲು ಬಣ್ಣ ಬದಲಾಯಿಸುವ ಕಾಗದದ ಪಟ್ಟಿಗಳಿವೆ. ಅವು ಉತ್ತರ ಹೇಳಲು ಒಂದು ಇಡೀ ದಿನ ತೆಗೆದುಕೊಳ್ಳುತ್ತವೆ. ಈಕೆಯ ಮೂಗಿಗೆ ಒಂದು ಉಸಿರು ಸಾಕು. ಎರಡರ ಉತ್ತರವೂ ಒಂದೇ ಎಂದು ಕಚೇರಿಯವರು ಒಪ್ಪಿಕೊಂಡು ವರ್ಷಗಳಾದವು. ವರದಿಯಲ್ಲಿ ಮಾತ್ರ ಪಟ್ಟಿಯ ಹೆಸರೇ ಇರುತ್ತದೆ.

ಇದು ದೇಶದ ಚಲನಚಿತ್ರ ಸಂಗ್ರಹಾಲಯದ ಹಿಂಬದಿಯ ಕಟ್ಟಡ. ಮುಂಬದಿಯಲ್ಲಿ ಗಾಜಿನ ಬಾಗಿಲು, ತಾರೆಯರ ಆಳೆತ್ತರದ ಚಿತ್ರಗಳು, ಶಾಲಾ ಮಕ್ಕಳ ಸಾಲು. ಹಿಂಬದಿಯಲ್ಲಿ ಒಂದು ಕಬ್ಬಿಣದ ಬಾಗಿಲು, ಒಂದು ಮೇಜು, ಒಂದು ಅಕ್ಕ. ಹುದ್ದೆಯ ಹೆಸರು ಸುರುಳಿ ಪರೀಕ್ಷಕಿ. ಆದರೆ ಕಾವಲಿನವನಿಂದ ಹಿಡಿದು ಮುಖ್ಯಸ್ಥೆಯವರೆಗೆ ಎಲ್ಲರಿಗೂ ಈಕೆ ಡಬ್ಬಿ ಅಕ್ಕ. ತಮಗಿಂತ ವಯಸ್ಸಿನಲ್ಲಿ ದೊಡ್ಡವರೂ ಅಕ್ಕ ಎನ್ನುತ್ತಾರೆ ಎಂಬುದು ಇವರ ತಕರಾರು. "ನಲವತ್ತಕ್ಕೇ ನನ್ನನ್ನ ಹಿರಿಯಕ್ಕ ಮಾಡಿಬಿಟ್ರು. ಈಗ ಅರವತ್ತು. ಇನ್ನು ಹೆಸರಿಗೂ ವಯಸ್ಸಿಗೂ ಸರಿಹೋಯ್ತು ಬಿಡಿ."

ಈ ತಿಂಗಳ ಕೊನೆಗೆ ನಿವೃತ್ತಿ. ಅದಕ್ಕೇ ಈ ಬೆಳಗಿನ ಅವಸರ.

ಮೇಜಿನ ಎರಡು ತುದಿಗೆ ಎರಡು ತಟ್ಟೆ, ಒಂದಕ್ಕೆ ಹಿಡಿಕೆ. ನಡುವೆ ಕೆಳಗಿನಿಂದ ಬೆಳಗುವ ಗಾಜು. ಬಲಗೈ ಹಿಡಿಕೆ ತಿರುಗಿಸುತ್ತದೆ, ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಸುರುಳಿಯ ಅಂಚು ಹರಿಯುತ್ತದೆ. ನಿಯಮದ ಪ್ರಕಾರ ಎರಡೂ ಕೈಗೆ ಹತ್ತಿಯ ಕೈಗವಸು ಇರಬೇಕು. ಇದೆ. ಎಡ ಹೆಬ್ಬೆರಳಿನ ತುದಿಯನ್ನು ಮಾತ್ರ ಕತ್ತರಿಯಿಂದ ಕತ್ತರಿಸಿದ್ದಾರೆ. "ಬಟ್ಟೆ ಹಾಕ್ಕೊಂಡು ನಾಡಿ ನೋಡಕ್ಕಾಗುತ್ತಾ?" ಎಂದು ಕೇಳುತ್ತಾರೆ. ಆ ಹೆಬ್ಬೆರಳ ಮೇಲೆ ಸಣ್ಣ ಸಣ್ಣ ಗೀರುಗಳು, ಹಳೆಯದರ ಮೇಲೆ ಹೊಸದು. ಹರಿದ ರಂಧ್ರ, ಸಡಿಲವಾದ ಜೋಡಣೆ, ಸುಕ್ಕು, ಎಲ್ಲವೂ ಮೊದಲು ಬೆರಳಿಗೆ ಗೊತ್ತಾಗುತ್ತದೆ, ಆಮೇಲೆ ಕಣ್ಣಿಗೆ. ದಿನಕ್ಕೆ ಇಪ್ಪತ್ತೈದು ಡಬ್ಬಿ. ಒಂದೊಂದರಲ್ಲಿ ಸುಮಾರು ಸಾವಿರ ಅಡಿ, ಪರದೆಯ ಮೇಲೆ ಹನ್ನೊಂದು ನಿಮಿಷ. ಲೆಕ್ಕ ಹಾಕಿದರೆ ದಿನವೂ ಏಳೂವರೆ ಕಿಲೋಮೀಟರ್ ಸಿನಿಮಾ ಆ ಎರಡು ಬೆರಳ ನಡುವೆ ಹಾದುಹೋಗುತ್ತದೆ. ಮೂವತ್ತೊಂದು ವರ್ಷದಿಂದ ಹೋಗುತ್ತಿದೆ.

ಸಿನಿಮಾ ಎಂದರೆ ಪ್ರಾಣ ಬಿಡುತ್ತಿದ್ದರೇನೋ ಎಂದುಕೊಂಡು ವಾರದ ಪುರವಣಿಗೆ ಬರೆಯಲು ಹೋದ ನನಗೆ ಮೊದಲ ದಿನವೇ ನಿರಾಸೆ. ಕೆಲಸಕ್ಕೆ ಸೇರುವ ಮುಂಚೆ ಇವರು ನೋಡಿದ್ದು ಒಟ್ಟು ನಾಲ್ಕೈದು ಚಿತ್ರ. ಆಗ ಕಾಲುಚೀಲದ ಕಾರ್ಖಾನೆಯಲ್ಲಿ ತಪ್ಪು ಹೊಲಿಗೆ ಹುಡುಕುವ ಕೆಲಸ. ಕಾರ್ಖಾನೆ ಮುಚ್ಚಿತು, ಇಲ್ಲಿ ಜಾಗ ಖಾಲಿಯಿತ್ತು. ಸಂದರ್ಶನದಲ್ಲಿ ಹಿರಿಯ ಉಗ್ರಾಣಿ ಒಂದು ಸುರುಳಿ ಕೊಟ್ಟು, ಕಣ್ಣು ಮುಚ್ಚಿಕೊಂಡು ಎಲ್ಲಿ ಹರಿದಿದೆ ಹೇಳು ಎಂದರಂತೆ. ಆರು ಕಡೆ ಎಂದಿದ್ದಾರೆ. ಉಗ್ರಾಣಿಗೆ ಐದೇ ಗೊತ್ತಿತ್ತು. ಆರನೆಯದನ್ನು ಹುಡುಕಿ ನೋಡಿ, ನಾಳೆಯಿಂದ ಬಾ ಎಂದರು.

ಕೆಲಸ ಸುಲಭದ್ದಲ್ಲ. ಉಗ್ರಾಣದಲ್ಲಿ ವರ್ಷವಿಡೀ ಹನ್ನೆರಡು ಡಿಗ್ರಿ ಚಳಿ. ಬೇಸಿಗೆಯಲ್ಲೂ ಎರಡು ಸ್ವೆಟರ್. ಹುಳಿ ಗಾಳಿಗೆ ಕಣ್ಣುರಿ, ಮಧ್ಯಾಹ್ನದ ಹೊತ್ತಿಗೆ ತಲೆನೋವು. ಮೇಜಿನ ಕೋಣೆಗೆ ಆ ತಂಪಿಲ್ಲ; ಬಿಸಿಲು ಏರಿದರೆ ಡಬ್ಬಿಯೊಳಗಿನ ಹುಳಿ ಗಾಳಿಯೂ ಏರುತ್ತದೆ, ಹಾಗಾಗಿ ಹೆಚ್ಚು ಕೆಟ್ಟ ಡಬ್ಬಿಗಳನ್ನು ಬೆಳಗಿನ ತಂಪಿನಲ್ಲೇ ತೆರೆಯುತ್ತಾರೆ. ಮನೆಯಲ್ಲಿ ಕೋಟು ಬಾಲ್ಕನಿಯಲ್ಲೇ ತೂಗುಹಾಕಬೇಕು ಎಂಬುದು ಅತ್ತೆಯ ಕಟ್ಟಪ್ಪಣೆ. ಬಸ್ ಓಡಿಸುವ ಗಂಡನ ಮೈಯಿಂದ ಡೀಸೆಲ್, ಹೆಂಡತಿಯ ಮೈಯಿಂದ ವಿನೆಗರ್. "ನಮ್ಮ ಮದುವೇಲಿ ಎಲ್ಲರಿಗಿಂತ ಹೆಚ್ಚು ಕಷ್ಟಪಟ್ಟಿದ್ದು ನಮ್ಮತ್ತೆ ಮೂಗು" ಎಂದು ನಗುತ್ತಾರೆ.

ಆ ಅತ್ತೆಗೆ ಈಗ ತೊಂಬತ್ತೊಂದು. ಈ ಕಥೆಯಲ್ಲಿ ಅವರಿಗೂ ಪಾತ್ರವಿದೆ.

ಸಂಗ್ರಹಾಲಯದ ಅತಿ ಹಳೆಯ ಆಸ್ತಿ ದೇಶದ ಮೊದಲ ಮಾತಿನ ಚಿತ್ರ. ಉಗ್ರಾಣದ ಭಾಷೆಯಲ್ಲಿ ಅದರ ಹೆಸರು ದೊಡ್ಡಜ್ಜಿ. ದೊಡ್ಡಜ್ಜಿಗೆ ಹತ್ತು ರೀಲು. ಇರುವುದು ಒಂಬತ್ತು. ಮೂರನೇ ರೀಲಿನ ಕೊನೆಗೆ ನಾಯಕಿಯ ಸೋದರಮಾವ ಅವಳ ಕೈಯಿಂದ ಒಂದು ಪತ್ರ ಕಿತ್ತುಕೊಳ್ಳುತ್ತಾನೆ. ಐದನೇ ರೀಲು ಶುರುವಾಗುವಾಗ ಅದೇ ಮಾವ ಕುರ್ಚಿಯಲ್ಲಿ ಕೆನ್ನೆಗೆ ಕೈಯಿಟ್ಟು ಕೂತಿದ್ದಾನೆ, ಪತ್ರ ಅವಳ ಕೈಗೆ ಮರಳಿದೆ. ನಡುವೆ ಏನಾಯಿತು ಎಂಬುದೇ ನಾಲ್ಕನೇ ರೀಲು. ಸಿನಿಮಾ ಇತಿಹಾಸವನ್ನು ದಪ್ಪ ಪುಸ್ತಕವಾಗಿ ಬರೆದ ಮೇಷ್ಟ್ರು ಒಬ್ಬರಿದ್ದಾರೆ. ಕೆನ್ನೆಯ ಮೇಲಿನ ಆ ಕೈ ಪಶ್ಚಾತ್ತಾಪದ ಆಳವಾದ ಸಂಕೇತ ಎಂದು ಅವರು ಒಂದೂವರೆ ಪುಟ ವಿವರಿಸಿದ್ದಾರೆ. ಡಬ್ಬಿ ಅಕ್ಕನ ಅತ್ತೆ ಮದುವೆಗೆ ಮುಂಚೆ, ಚಿತ್ರ ಮರುಬಿಡುಗಡೆಯಾದಾಗ, ಒಂದೇ ವಾರದಲ್ಲಿ ಅದನ್ನು ಆರು ಸಲ ನೋಡಿದವರು. ಅವರ ವಿವರಣೆ ಇನ್ನೂ ಚಿಕ್ಕದು. "ಪಶ್ಚಾತ್ತಾಪಾನೂ ಇಲ್ಲ ಎಂಥದೂ ಇಲ್ಲ. ಅವಳು ಬಾರಿಸಿದ್ಲು. ಕೆನ್ನೆ ಉರೀತಿತ್ತು, ಕೈ ಇಟ್ಕೊಂಡ."

ಮೇಷ್ಟ್ರು ಇದನ್ನು ನಕ್ಕು ತಳ್ಳಿಹಾಕಿದ್ದರು. ಆ ಕಾಲದ ಪರದೆಯ ಮೇಲೆ ಹೆಣ್ಣು ಹಿರಿಯರ ಮೇಲೆ ಕೈ ಎತ್ತುವುದೇ, ಅಜ್ಜಿಗೆ ಬೇರೆ ಯಾವುದೋ ಚಿತ್ರ ನೆನಪಾಗಿರಬೇಕು ಎಂದು. ಪುಸ್ತಕದ ನಲವತ್ತೇಳನೇ ಪುಟದಲ್ಲಿ ಇನ್ನೊಂದು ಮಾತೂ ಇದೆ: ನಾಲ್ಕನೇ ರೀಲು ಸಂಗ್ರಹಾಲಯ ತಲುಪುವ ಮೊದಲೇ, ಚಿತ್ರಮಂದಿರದ ಆಪರೇಟರನ ನಿರ್ಲಕ್ಷ್ಯದಿಂದ ನಾಶವಾಗಿತ್ತು.

ನಾನು ಮೂರನೇ ಸಲ ಹೋದ ಬೆಳಿಗ್ಗೆ ಡಬ್ಬಿ ಅಕ್ಕ ಹಿಡಿಕೆ ತಿರುಗಿಸುವುದನ್ನು ನಿಲ್ಲಿಸಿ, ಆ ಪುಟದ ವಿಷಯ ತೆಗೆಯುತ್ತಾರೆ. ನಾನು ಕೇಳಿರಲಿಲ್ಲ.

"ಅದು ಸುಳ್ಳು. ಮೊದಲೇ ನಾಶ ಆಗಿರಲಿಲ್ಲ. ನಾನು ಬಿಸಾಡಿದ್ದು."

ಕೆಲಸಕ್ಕೆ ಸೇರಿದ ಮೂರನೇ ತಿಂಗಳು. ಉಗ್ರಾಣದಲ್ಲಿ ಜಾಗವಿಲ್ಲ, ಎರಡೆರಡು ಪ್ರತಿ ಇರುವ ಸುದ್ದಿಚಿತ್ರಗಳನ್ನು ವಿಲೇವಾರಿ ಮಾಡಿ ಎಂದು ಆದೇಶ ಬಂದಿತ್ತು. ಹಳೆಯ ಸುರುಳಿಯನ್ನು ತೊಳೆದು ಅದರೊಳಗಿನ ಬೆಳ್ಳಿ ತೆಗೆಯುವವರ ಲಾರಿ ಅಂಗಳಕ್ಕೆ ಬಂದು ನಿಂತಿತ್ತು. ಇವರು ಡಬ್ಬಿಗಳ ಮೇಲಿನ ಚೀಟಿ ಓದುತ್ತಾ, "ಸುದ್ದಿಚಿತ್ರ, ಎರಡನೇ ಪ್ರತಿ" ಎಂದಿದ್ದಕ್ಕೆಲ್ಲ ಕೆಂಪು ಸೀಸದಕಡ್ಡಿಯಲ್ಲಿ ಗೀಟು ಎಳೆಯುತ್ತಾ ಹೋದರು. ಒಂದು ಬೆಳಿಗ್ಗೆಯಲ್ಲಿ ನೂರಾ ಎಂಬತ್ತು ಡಬ್ಬಿ. ಯಾವುದರ ಮುಚ್ಚಳವನ್ನೂ ತೆಗೆಯಲಿಲ್ಲ. ಎರಡು ವಾರದ ನಂತರ "ನಾಲ್ಕನೇ ರೀಲು" ಎಂಬ ಚೀಟಿಯಿದ್ದ ಡಬ್ಬಿ ತೆರೆದರೆ ಒಳಗೆ ಯಾವುದೋ ಸೇತುವೆ ಉದ್ಘಾಟನೆಯ ಸುದ್ದಿಚಿತ್ರ. ನಿಜವಾದ ನಾಲ್ಕನೇ ರೀಲು ಸುದ್ದಿಚಿತ್ರದ ಚೀಟಿ ಹೊತ್ತು ಲಾರಿ ಹತ್ತಿ ಹೋಗಿತ್ತು.

"ಪ್ರದರ್ಶನ ಮುಗಿದ ಮೇಲೆ ಆಪರೇಟರ್ ಕೈಗೆ ಸಿಕ್ಕ ಡಬ್ಬೀಲಿ ಸುರುಳಿ ಹಾಕ್ತಾರೆ. ಮುಂದಿನ ರೀಲು ಓಡ್ತಾ ಇರುತ್ತೆ, ಚೀಟಿ ಓದ್ತಾ ಕೂರೋಕೆ ಪುರುಸೊತ್ತು ಎಲ್ಲಿ? ಈ ಕೆಲಸದಲ್ಲಿರೋ ಎಲ್ಲರಿಗೂ ಇದು ಗೊತ್ತಿರಬೇಕು. ನನಗೆ ಗೊತ್ತಿರಲಿಲ್ಲ. ಅವರು ಅದಲು ಬದಲು ಮಾಡಿದ್ದು ತಪ್ಪೇ. ಆದ್ರೆ ಮುಚ್ಚಳ ತೆಗೀದೆ ಗೀಟು ಎಳೆದಿದ್ದು ನಾನು."

ಓಡಿಹೋಗಿ ಉಗ್ರಾಣಿಗೆ ಹೇಳಿದರು. ಉಗ್ರಾಣಿ ಬಾಗಿಲು ಹಾಕಿಕೊಂಡು, ರಿಜಿಸ್ಟರಿನಲ್ಲಿ "ಬರುವಾಗಲೇ ಇರಲಿಲ್ಲ" ಎಂದು ಬರೆದರು. ಬಾಯಿ ಬಿಟ್ಟರೆ ನಿನ್ನ ಕೆಲಸವೂ ಹೋಗುತ್ತದೆ, ನನ್ನ ಮರ್ಯಾದೆಯೂ ಹೋಗುತ್ತದೆ ಎಂದರು. ಮಗಳಿಗೆ ಆಗ ಎರಡು ವರ್ಷ. ಇವರು ಬಾಯಿ ಬಿಡಲಿಲ್ಲ. ಉಗ್ರಾಣಿ ತೀರಿಕೊಂಡರು, ಆಪರೇಟರ್ ತೀರಿಕೊಂಡರು, ರಿಜಿಸ್ಟರಿನ ಆ ಸಾಲು ಪುಸ್ತಕಕ್ಕೆ ಹತ್ತಿ ಇತಿಹಾಸವಾಯಿತು. ಮನೆಯಲ್ಲಿ ಅತ್ತೆ ಆ ಏಟಿನ ಕಥೆ ಹೇಳಿದಾಗಲೆಲ್ಲ ಇವರು ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ಅತ್ತೆಯನ್ನು ಜನ ಸುಳ್ಳುಗಾತಿ ಮಾಡುತ್ತಿದ್ದರೆ, ಅದಕ್ಕೆ ಕಾರಣರಾದವರು ಪಕ್ಕದಲ್ಲೇ ಕೂತಿರುವುದು ಹೇಗೆ?

ಅಂದಿನಿಂದ ಇವರು ಯಾವ ಚೀಟಿಯನ್ನೂ ನಂಬಿಲ್ಲ. ಅಡುಗೆಮನೆಯಲ್ಲೂ ಉಪ್ಪಿನ ಡಬ್ಬಿ ತೆರೆದು ನೋಡಿದ ಮೇಲೆಯೇ ಉಪ್ಪು ಎನ್ನುತ್ತಾರೆ ಎಂಬುದು ಮಗಳ ದೂರು.

ಆ ಆಪರೇಟರ್ ಕೆಲಸ ಮಾಡುತ್ತಿದ್ದ ಚಿತ್ರಮಂದಿರ ಕಳೆದ ವರ್ಷ ಬಾಗಿಲು ಹಾಕಿತು. ಯಂತ್ರದ ಕೋಣೆಯ ಮೇಲಿನ ಅಟ್ಟದಲ್ಲಿದ್ದ ಸಾವಿರದ ನೂರ ನಲವತ್ತು ಡಬ್ಬಿಗಳು ಇಲ್ಲಿಗೆ ಬಂದಿಳಿದವು. ಅರ್ಧಕ್ಕರ್ಧ ಹುಳಿ ಹಿಡಿದವು. ಒಂದರ ಹುಳಿ ಗಾಳಿ ಇನ್ನೊಂದಕ್ಕೆ ತಗಲುತ್ತದೆ, ಆದ್ದರಿಂದ ಇಂಥವನ್ನು ತೆರೆಯದೆಯೇ ವಿಲೇವಾರಿ ಮಾಡಬೇಕು ಎನ್ನುವುದು ಹೊಸ ನಿಯಮ. ಡಬ್ಬಿ ಅಕ್ಕ ಮುಖ್ಯಸ್ಥೆಯ ಕೋಣೆಯ ಮುಂದೆ ಮೂರು ದಿನ ಕೂತು, ತಾವು ನಿವೃತ್ತಿಯಾಗುವ ದಿನದವರೆಗೆ ಕಾಲಾವಕಾಶ ಕೇಳಿ ಪಡೆದರು. ಮರುದಿನ ಲಾರಿ ಬರುತ್ತದೆ. ಆ ಗುಡ್ಡೆಯಲ್ಲಿ ಎಲ್ಲಾದರೂ ನಾಲ್ಕನೇ ರೀಲಿನ ಇನ್ನೊಂದು ಪ್ರತಿ ಇದ್ದರೆ ಸಿಗಬೇಕು. ಸಿಗದಿದ್ದರೆ ಇಲ್ಲ. ನಾನು ಮೊದಲು ಭೇಟಿಯಾದಾಗ ಉಳಿದಿದ್ದದ್ದು ಇನ್ನೂರ ಅರವತ್ತು ಡಬ್ಬಿ, ಹನ್ನೊಂದು ದಿನ.

ನನ್ನ ಆರನೇ ಬೆಳಿಗ್ಗೆ. ಅಂದಿನ ಒಂಬತ್ತನೇ ಡಬ್ಬಿ. ಮೇಲಿನ ಚೀಟಿಯಲ್ಲಿ ನೀಲಿ ಶಾಯಿಯಲ್ಲಿ "ಖಾಲಿ" ಎಂದು ಬರೆದಿದೆ. ಎತ್ತಿದರೆ ಖಾಲಿಯಷ್ಟೇ ಹಗುರ. ನಾನಾಗಿದ್ದರೆ ಪಕ್ಕಕ್ಕಿಡುತ್ತಿದ್ದೆ. ಆಕೆ ಎಂದಿನಂತೆ ತಟ್ಟಿ, ತಿರುಗಿ, ಹತ್ತು ಎಣಿಸಿ, ಮೂಗು ಹತ್ತಿರ ತಂದು "ಐದು" ಎನ್ನುತ್ತಾರೆ. ಒಳಗೆ ಅಂಗೈಯಗಲದ ಒಂದು ಚಿಕ್ಕ ಸುರುಳಿ, ಅದಕ್ಕೆ ದಾರ ಕಟ್ಟಿ ಒಂದು ಕಾಗದದ ಚೂರು. ಕಾಗದದಲ್ಲಿ ಅದೇ ನೀಲಿ ಅಕ್ಷರ: "ಹಳೆ ತುಂಡು. ಜನ ಬಿಡಲಿಲ್ಲ."

ಜನ ಬಿಡಲಿಲ್ಲ ಎಂದರೆ ಏನೆಂದು ನಾನು ಕೇಳುತ್ತೇನೆ. ಉತ್ತರ ಬರುವುದು ಹಿಡಿಕೆ ತಿರುಗಿಸುತ್ತಲೇ.

"ಒನ್ಸ್ ಮೋರ್ ಅಂತ ಕೂಗೋರು. ಆಪರೇಟರ್ ಓಟ ನಿಲ್ಲಿಸಿ, ಕೈಯಲ್ಲಿ ಹಿಂದಕ್ಕೆ ಸುತ್ತಿ, ಮತ್ತೆ ಓಡಿಸಬೇಕು. ಹಾಗೆ ದಿನಾ ಮಾಡಿದ್ರೆ ಆ ಜಾಗವೇ ಮೊದಲು ಹರಿಯೋದು. ಹರಿದ ಕಡೆ ಕತ್ತರಿಸಿ ಅಂಟಿಸೋದು, ಮತ್ತೆ ಹರಿಯೋದು. ಕೊನೆಗೆ ಅಂಟಿಸೋಕೂ ಆಗದೆ ಹೋದ್ರೆ ಅಷ್ಟು ಭಾಗಕ್ಕೆ ಮಾತ್ರ ಹೊಸ ತುಂಡು ತರಿಸಿ ಜೋಡಿಸೋರು. ಹಳೇದನ್ನ ಬಿಸಾಡೋರು. ಈ ಆಪರೇಟರ್ ಬಿಸಾಡಿಲ್ಲ."

ಗಾಜಿನ ಬೆಳಕಿನ ಮೇಲೆ ಒಂದು ಬಾಗಿಲು ಕಾಣಿಸುತ್ತದೆ. ಅದರ ಪಕ್ಕ ಒಂದು ಗೋಡೆ ಗಡಿಯಾರ. ಮೂರನೇ ರೀಲಿನ ಕೊನೆಯಲ್ಲೂ ಐದನೇ ರೀಲಿನ ಮೊದಲಲ್ಲೂ ಇರುವ ಅದೇ ಗಡಿಯಾರ. ಹಿಡಿಕೆ ನಿಂತುಬಿಡುತ್ತದೆ. ಡಬ್ಬಿ ಅಕ್ಕ ಬಲಗೈಯ ಕೈಗವಸು ಕಳಚಿ, ಕುರ್ಚಿಗೆ ಒರಗಿ, ಎರಡು ನಿಮಿಷ ಏನೂ ಮಾಡದೆ ಕೂರುತ್ತಾರೆ. ಹಾಗೆ ಕೈ ಕಟ್ಟಿ ಕೂತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪುರವಣಿಗೆ ಬರೆಯುವವರಿಗೆ ಇಂಥದ್ದು ದಿನವೂ ಸಿಗುವುದಿಲ್ಲ.

ಐವತ್ತೇಳು ಅಡಿ. ಮೂವತ್ತೆಂಟು ಸೆಕೆಂಡು. ಇಪ್ಪತ್ತಮೂರು ಜೋಡಣೆ. ನಾಯಕಿ ಬಾಗಿಲು ಹಾಕುತ್ತಾಳೆ, ಮಾವನ ಮುಂದೆ ಬಂದು ನಿಲ್ಲುತ್ತಾಳೆ, ಪತ್ರ ಕೇಳುತ್ತಾಳೆ. ಅವನು ನಗುತ್ತಾನೆ. ಅವಳ ಕೈ ಮೇಲೇಳುತ್ತದೆ. ಅಲ್ಲಿ ಒಂದು ಜೋಡಣೆ, ಮತ್ತು ಅದರ ಮುಂದಿನ ಚೌಕಟ್ಟಿನಲ್ಲಿ ಮಾವನ ಕೈ ಆಗಲೇ ಅವನ ಕೆನ್ನೆಯ ಮೇಲಿದೆ. ಏಟು ಬಿದ್ದ ಜಾಗ ಹರಿದೂ ಹರಿದೂ ಇಲ್ಲವಾಗಿದೆ.

ಸಂಜೆಯೊಳಗೆ ಮುಖ್ಯಸ್ಥೆ ಮೇಷ್ಟ್ರಿಗೆ ಸುದ್ದಿ ಮುಟ್ಟಿಸುತ್ತಾರೆ. ಮಾರನೆಯ ಬೆಳಿಗ್ಗೆ ಅವರು ಬಂದು ಭೂತಗಾಜು ಹಿಡಿದು ನೋಡಿ, ತಮ್ಮ ಒಂದೂವರೆ ಪುಟವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. "ಕೈ ಎತ್ತಿದ್ದಾಳೆ, ನಿಜ. ಹೊಡೆದದ್ದು ಎಲ್ಲಿ ಕಾಣುತ್ತೆ? ಎತ್ತಿದ ಕೈ ಇಳಿಸಿರಬಹುದು. ಅವನಿಗೆ ನಾಚಿಕೆಯಾಗಿರಬಹುದು."

ಡಬ್ಬಿ ಅಕ್ಕ ವಾದ ಮಾಡುವುದಿಲ್ಲ. ಅತ್ತೆಯನ್ನು ಕರೆಸಿ ಎನ್ನುತ್ತಾರೆ.

ಗಂಡ ತನ್ನ ತಾಯಿಯನ್ನು ಕರೆತರುತ್ತಾನೆ. ಊರುಗೋಲು, ದಪ್ಪ ಕನ್ನಡಕ, ಬಾಗಿಲಲ್ಲೇ ಮೂಗು ಮುಚ್ಚಿಕೊಂಡು "ಇದೇನಾ ನಿನ್ನ ಕಚೇರಿ" ಎಂಬ ಪ್ರಶ್ನೆ. ಅಂಗೈಯಗಲದ ಪರದೆ, ಪಕ್ಕದಲ್ಲಿ ಸಣ್ಣ ಸ್ಪೀಕರ್ ಇರುವ ನೋಡುವ ಮೇಜಿನ ಮುಂದೆ ಅವರನ್ನು ಕೂರಿಸುತ್ತಾರೆ. ಕುಗ್ಗಿದ ಸುರುಳಿಯನ್ನು ಡಬ್ಬಿ ಅಕ್ಕ ತಮ್ಮ ಕೈಯಿಂದಲೇ ಯಂತ್ರದ ಹಲ್ಲುಗಳಿಗೆ ಒಂದೊಂದೇ ರಂಧ್ರ ಕೂರಿಸಿ, ಓಡಿಸುತ್ತಾರೆ. ಬಾಗಿಲು, ಗಡಿಯಾರ, ನಗು. ಕೈ ಮೇಲೇಳುತ್ತದೆ. ಚಿತ್ರ ಹಾರುತ್ತದೆ. ಮಾವ ಕೆನ್ನೆ ಹಿಡಿದುಕೊಂಡಿದ್ದಾನೆ.

ಆಗ, ಒಂದು ಗಳಿಗೆ ತಡವಾಗಿ, ಸ್ಪೀಕರಿನಿಂದ ಫಟಾರ್ ಎಂದು ಸದ್ದು ಬರುತ್ತದೆ.

ಮೇಷ್ಟ್ರು ಕನ್ನಡಕ ತೆಗೆಯುತ್ತಾರೆ. ಸುರುಳಿಯಲ್ಲಿ ಚಿತ್ರ ಒಂದು ಕಡೆ ಇದ್ದರೆ ಅದರ ಸದ್ದು ಇಪ್ಪತ್ತು ಚೌಕಟ್ಟು ಮುಂಚೆಯೇ, ಅಂಚಿನ ಸಣ್ಣ ಪಟ್ಟಿಯಲ್ಲಿ ಅಚ್ಚಾಗಿರುತ್ತದೆ. ಯಂತ್ರದಲ್ಲಿ ಎರಡನ್ನೂ ಓದುವ ಜಾಗ ಬೇರೆ ಬೇರೆ. ಏಟಿನ ಚಿತ್ರ ಹರಿದುಹೋಗಿದೆ, ಏಟಿನ ಸದ್ದು ಹಿಂದಿನ ತುಂಡಿನಲ್ಲಿ ಉಳಿದುಕೊಂಡಿದೆ. ಡಬ್ಬಿ ಅಕ್ಕ ಹಿಂದಿನ ದಿನವೇ ಆ ಅಂಚಿನಲ್ಲಿ ಥಟ್ಟನೆ ಉಬ್ಬಿದ ಗೆರೆಯನ್ನು ನೋಡಿದ್ದರು. ಯಾರಿಗೂ ಹೇಳಿರಲಿಲ್ಲ. ಅತ್ತೆ ಮೊದಲು ಕೇಳಲಿ ಎಂದುಕೊಂಡಿದ್ದರಂತೆ.

ಅತ್ತೆ ಊರುಗೋಲನ್ನು ನೆಲಕ್ಕೆ ಕುಟ್ಟುತ್ತಾರೆ. "ಒನ್ಸ್ ಮೋರ್!"

"ಅತ್ತೆ, ಆಗಲ್ಲ. ಇನ್ನೊಂದು ಸಲ ಓಡಿಸಿದ್ರೆ ಮುರಿದುಹೋಗುತ್ತೆ. ಮೊದಲು ಪ್ರತಿ ತೆಗೀಬೇಕು" ಎನ್ನುತ್ತಾರೆ ಸೊಸೆ.

"ಆ ಆಪರೇಟರ್ ಆಗಿದ್ರೆ ಹಾಕ್ತಿದ್ದ" ಎಂದು ಅತ್ತೆ ಮುಖ ಊದಿಸಿಕೊಳ್ಳುತ್ತಾರೆ. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಕೇಳಿಸ್ತಲ್ಲಪ್ಪ?" ಎಂದು ವಿಚಾರಿಸುತ್ತಾರೆ. ಮೇಷ್ಟ್ರು ಕೇಳಿಸಿತು ಎಂದು ಒಪ್ಪಿಕೊಳ್ಳುತ್ತಾರೆ. ಪುಸ್ತಕದ ಹೊಸ ಮುದ್ರಣ ಸಿದ್ಧವಾಗುತ್ತಿದೆ, ಸಂಕೇತದ ಒಂದೂವರೆ ಪುಟ ತೆಗೆದುಹಾಕುತ್ತೇನೆ ಎನ್ನುತ್ತಾರೆ.

ಡಬ್ಬಿ ಅಕ್ಕ ಮೂವತ್ತೊಂದು ವರ್ಷ ನುಂಗಿಕೊಂಡಿದ್ದನ್ನು ಅತ್ತೆಯ ಎದುರಿಗೇ ಹೇಳುವುದು ಆಗ. ನಲವತ್ತೇಳನೇ ಪುಟವೂ ಬದಲಾಗಬೇಕು ಸಾರ್ ಎಂದು ಶುರುಮಾಡಿ, ಲಾರಿಯಿಂದ ರಿಜಿಸ್ಟರಿನವರೆಗೆ ಎಲ್ಲವನ್ನೂ ಹೇಳಿ ಮುಗಿಸುತ್ತಾರೆ. ಮುಖ್ಯಸ್ಥೆ, ಇನ್ನೈದು ದಿನಕ್ಕೆ ನಿವೃತ್ತಿ, ಈಗ ಇದೆಲ್ಲ ಯಾಕೆ ಎನ್ನುತ್ತಾರೆ. ಅವರ ದನಿಯಲ್ಲಿ ಕೋಪವಿಲ್ಲ, ಕನಿಕರವಿದೆ. ಮೇಷ್ಟ್ರು ಒಂದು ದಾರಿ ಹುಡುಕುತ್ತಾರೆ. "ಅಚಾತುರ್ಯದಿಂದ ಕಳೆದುಹೋಯಿತು ಅಂತ ಬರೀತೀನಿ. ಯಾರು, ಏನು ಅಂತ ಬೇಡ."

"ಅಚಾತುರ್ಯ ಡಬ್ಬಿ ಎತ್ತಲ್ಲ ಸಾರ್. ಕೈ ಎತ್ತುತ್ತೆ. ಸುರುಳಿ ಪರೀಕ್ಷಕಿ ಮುಚ್ಚಳ ತೆಗೆದು ನೋಡದೆ ವಿಲೇವಾರಿ ಮಾಡಿದಳು ಅಂತಾನೇ ಬರೀರಿ. ಆಪರೇಟರ್ ತುಂಡು ಉಳಿಸಿದ್ರು ಅಂತ ಬರೀರಿ. ಅವರ ಮಕ್ಕಳು ಮೊಮ್ಮಕ್ಕಳು ಎಲ್ಲಾದರೂ ಆ ಪುಸ್ತಕ ಓದ್ತಾ ಇರ್ತಾರೆ."

ಅತ್ತೆ ಸೊಸೆಯ ಕಡೆ ತಿರುಗುತ್ತಾರೆ. "ಅದಕ್ಕೇನಾ ಆ ಕಥೆ ಬಂದಾಗೆಲ್ಲ ಅಡುಗೆಮನೆಗೆ ಓಡ್ತಿದ್ದೆ?" ಎಂದಷ್ಟೇ ಕೇಳುತ್ತಾರೆ. ಮನೆಗೆ ಹೊರಟಾಗ ಊರುಗೋಲನ್ನು ಮಗನ ಕೈಗೆ ಕೊಟ್ಟು, ಸೊಸೆಯ ತೋಳು ಹಿಡಿದುಕೊಳ್ಳುತ್ತಾರೆ. ವಿನೆಗರ್ ವಾಸನೆಯ ಕೋಟಿನ ತೋಳು.

ಕೊನೆಯ ದಿನ ನಾನು ಮತ್ತೆ ಹೋಗುತ್ತೇನೆ. ಐದೂಮುಕ್ಕಾಲಕ್ಕೆ ದೀಪ ಉರಿಯುತ್ತಿದೆ. ಸಾವಿರದ ನೂರ ನಲವತ್ತರಲ್ಲಿ ಹನ್ನೆರಡು ಡಬ್ಬಿ ಬಾಕಿ. ನಾಲ್ಕನೇ ರೀಲಿನ ಉಳಿದ ಹತ್ತು ನಿಮಿಷ ಎಲ್ಲೂ ಸಿಕ್ಕಿಲ್ಲ; ಈ ಹನ್ನೆರಡರಲ್ಲೂ ಇಲ್ಲ ಎಂದು ಒಂಬತ್ತು ಗಂಟೆಗೆ ಖಚಿತವಾಗುತ್ತದೆ. ಹೊಸ ಡಬ್ಬಿಯೊಂದರಲ್ಲಿ ಆ ಐವತ್ತೇಳು ಅಡಿಯನ್ನು ಇಟ್ಟು, ಚೀಟಿ ಬರೆದು ಅಂಟಿಸಿ, ಆಪರೇಟರನ ಕಾಗದದ ಚೂರನ್ನೂ ಒಳಗಿಟ್ಟಿದ್ದಾರೆ. ಹಳೆಯ ರಿಜಿಸ್ಟರನ್ನು ತರಿಸಿ, "ಬರುವಾಗಲೇ ಇರಲಿಲ್ಲ" ಎಂಬುದರ ಕೆಳಗೆ ನಿಜವನ್ನು ಬರೆದು ಸಹಿ ಹಾಕಿದ್ದಾರೆ. ಮುಖ್ಯಸ್ಥೆ ಅದರ ಪಕ್ಕದಲ್ಲಿ ತಮ್ಮ ಸಹಿಯನ್ನೂ ಹಾಕಿದ್ದಾರೆ.

ಬೀಳ್ಕೊಡುಗೆಗೆ ಏನು ಬೇಕು ಎಂದು ಕಚೇರಿಯವರು ಕೇಳಿದ್ದರಂತೆ. ನನ್ನ ಜಾಗಕ್ಕೆ ಬರುವವರಿಗೆ ಈ ರಬ್ಬರ್ ಸುತ್ತಿಗೆ ಕೊಡಿ, ನಿಯಮ ಓದಿಸುವ ಮುಂಚೆ ಕೊಡಿ ಎಂದಿದ್ದಾರೆ. ಅಷ್ಟೇ. ಮೂವತ್ತೊಂದು ವರ್ಷಕ್ಕೆ ಎಷ್ಟು ಡಬ್ಬಿ ಆಗಿರಬಹುದು ಎಂದು ನಾನು ಲೆಕ್ಕ ಹಾಕಲು ಹೋಗುತ್ತೇನೆ. ಡಬ್ಬಿ ಅಕ್ಕ ಕೋಟು ಕಳಚುತ್ತಾ, ಉಗ್ರಾಣದ ಉದ್ದಕ್ಕೂ ನಿಂತ ಕಪಾಟುಗಳ ಕಡೆ ಕೈ ತೋರಿಸುತ್ತಾರೆ.

"ಎಷ್ಟು ಅಂತ ಗೊತ್ತಿಲ್ಲ. ಈ ಕಪಾಟುಗಳಲ್ಲಿ ಮೇಲೆ ಏನು ಬರೆದಿದೆಯೋ ಒಳಗೆ ಅದೇ ಇದೆ. ಅಷ್ಟು ಹೇಳಬಲ್ಲೆ." ಒಂದು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತಾರೆ. "ನನ್ನ ಮಾತು ನಂಬಬೇಡಿ ಮತ್ತೆ. ಯಾವುದಾದ್ರೂ ಒಂದನ್ನ ತೆಗೆದು ನೋಡಿ."